ಒಂದು ಮರದ ಕ್ರಯ

ಬೆಂಗಳೂರಿನ ಹಳೆಯ ಊರಿನಲ್ಲಿ ಒಂದೊಂದು ಸರಕಿಗೆ ಒಂದೊಂದು ಪೇಟೆ. ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ, ಹತ್ತಿಗೆ ಅರಳೇಪೇಟೆ, ಬಳೆಗೆ ಬಳೇಪೇಟೆ. ಕೊಳ್ಳುವವನು ಸರಕನ್ನು ಕಣ್ಣಾರೆ ಕಂಡು, ಕೈಯಲ್ಲಿ ಹಿಡಿದು, ಬೆಲೆ ಕುದುರಿಸಿ ಒಯ್ಯುತ್ತಿದ್ದ. ಇದೇ ಊರಿನಲ್ಲಿ ಈಚಿನ ಇಪ್ಪತ್ತೈದು ವರ್ಷಗಳಿಂದ ಬೆಳೆದುಬಂದಿರುವ ಇನ್ನೊಂದು ಪೇಟೆಗೆ ಬೀದಿಯೂ ಇಲ್ಲ, ತಕ್ಕಡಿಯೂ ಇಲ್ಲ. ಅಲ್ಲಿ ಮಾರಾಟವಾಗುವುದು ಕಂಪೆನಿಗಳು. ಅದರಲ್ಲಿಯೂ ಕಂಪ್ಯೂಟರಿನ ಕೆಲಸ ಮಾಡುವ ಕಂಪೆನಿಗಳು. ನಿನ್ನೆ ಸಂಜೆ ಒಬ್ಬ ಯಜಮಾನನ ಸಂಬಳದಲ್ಲಿದ್ದವನು ಇಂದು ಬೆಳಿಗ್ಗೆ ಅದೇ ಮೇಜಿನ ಮುಂದೆ ಕುಳಿತು ಬೇರೊಬ್ಬ ಯಜಮಾನನ ನೌಕರನಾಗಿರುವುದು ಈ ಪೇಟೆಯಲ್ಲಿ ಸಾಮಾನ್ಯ ಸಂಗತಿ.

ಈ ವ್ಯಾಪಾರದ ದೊಡ್ಡ ದೊಡ್ಡ ಸುದ್ದಿಗಳು ಮನೆಮನೆಯ ಮಾತಾಗಿಬಿಟ್ಟಿವೆ. ಬೆಂಗಳೂರಿನ ಸೇಂಟ್ ಜೋಸೆಫ್ ಶಾಲೆಯಲ್ಲಿ ಓದಿದ್ದ ಸಬೀರ್ ಭಾಟಿಯಾ ಎಂಬವರು ಅಮೆರಿಕದಲ್ಲಿ ಗೆಳೆಯರೊಬ್ಬರೊಡನೆ ಸೇರಿ 1996ರಲ್ಲಿ ತೆರೆದ ಹಾಟ್‌ಮೇಲ್ ಎಂಬ ಅಂಚೆ ವ್ಯವಸ್ಥೆಯನ್ನು ಒಂದೂವರೆ ವರ್ಷ ತುಂಬುವುದರೊಳಗೆ ಮೈಕ್ರೋಸಾಫ್ಟ್ ಸುಮಾರು 40 ಕೋಟಿ ಡಾಲರು ತೆತ್ತು ಕೊಂಡಿತು. 2007ರಲ್ಲಿ ಬೆಂಗಳೂರಿನ ಒಂದು ಮನೆಯಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟಿನ ಶೇ. 77ರಷ್ಟು ಪಾಲಿಗೆ ಅಮೆರಿಕದ ವಾಲ್‌ಮಾರ್ಟ್ 2018ರಲ್ಲಿ 1,600 ಕೋಟಿ ಡಾಲರು ಕೊಟ್ಟಿತು. ಇವೆಲ್ಲ ಮಾರುವವನಿಗೂ ಸಂತೋಷ, ಕೊಳ್ಳುವವನಿಗೂ ಸಂತೋಷವಾದ ವ್ಯಾಪಾರಗಳು. ಟ್ಯಾಕ್ಸಿಫಾರ್‌ಶ್ಯೂರ್ ಎಂಬ ಬಾಡಿಗೆ ಕಾರಿನ ಕಂಪೆನಿಯನ್ನು 2015ರಲ್ಲಿ 20 ಕೋಟಿ ಡಾಲರಿಗೆ ಕೊಂಡ ಓಲಾ ಮಾರನೆಯ ವರ್ಷವೇ ಅದರ ಬಾಗಿಲು ಮುಚ್ಚಿಸಿತಾದರೂ ಮಾರಿದವರಿಗೆ ಹಣ ಸಂದಿತ್ತು. ಕೆಲಸ ಹೋದದ್ದು ನೌಕರರಿಗೆ.

ಆದರೆ 2019ರ ವಸಂತದಲ್ಲಿ ಮೈಸೂರು ರಸ್ತೆಯ ಬದಿಯ ಒಂದು ಕಂಪೆನಿಯ ವಿಷಯದಲ್ಲಿ ನಡೆದದ್ದು ಬೇರೆ ಜಾತಿಯ ವ್ಯಾಪಾರ. ಅಲ್ಲಿ ಕೊಳ್ಳುವವನು ಬಂದು ಹಣ ಸುರಿದ. ಕಟ್ಟಿದವರು, ನಾವು ಮಾರುವುದಿಲ್ಲ, ಎಂದರು. ಕೊನೆಗೂ ಮಾರಾಟವಾಗಿಯೇ ಹೋಯಿತು. ಮಾರುವುದಿಲ್ಲವೆಂದವರ ವಸ್ತು ಮಾರಾಟವಾಗುವುದು ಹೇಗೆ ಎಂಬ ಪ್ರಶ್ನೆಯೇ ಆ ಕಥೆಯ ತಿರುಳು.

ಆ ಕಂಪೆನಿಯ ಹೆಸರು ಮೈಂಡ್‌ಟ್ರೀ. ಮನಸ್ಸಿನ ಮರ ಎಂದರೆ ತಪ್ಪಾಗದು. ವಿಪ್ರೋ ಮೊದಲಾದ ಕಂಪೆನಿಗಳಲ್ಲಿ ದೊಡ್ಡ ಹುದ್ದೆಗಳಲ್ಲಿದ್ದ ಹತ್ತು ಮಂದಿ 1999ರಲ್ಲಿ ಒಟ್ಟುಗೂಡಿ ಅದನ್ನು ನೆಟ್ಟರು. ಅಶೋಕ್ ಸೂಟಾ ಅವರಲ್ಲಿ ಹಿರಿಯರು. ಸುಬ್ರತೋ ಬಾಗ್ಚಿ, ಕೃಷ್ಣಕುಮಾರ್ ನಟರಾಜನ್, ಪಾರ್ಥಸಾರಥಿ ಮುಂತಾದವರು ಜೊತೆಗಾರರು. ಕಂಪೆನಿಯ ಮೊದಲ ಲಾಂಛನವನ್ನು ಬರೆದುಕೊಟ್ಟವನು ಕರ್ನಾಟಕ ಸ್ಪ್ಯಾಸ್ಟಿಕ್ಸ್ ಸೊಸೈಟಿಯ ಶಾಲೆಯ ಒಬ್ಬ ವಿದ್ಯಾರ್ಥಿ. ಹಣ ಮಾಡುವುದೊಂದೇ ತಮ್ಮ ಉದ್ದೇಶವಲ್ಲ, ಒಳ್ಳೆಯ ರೀತಿನೀತಿಯ ಸಂಸ್ಥೆಯೊಂದನ್ನು ಕಟ್ಟುವುದು ಉದ್ದೇಶ ಎಂದು ಅವರು ಹೇಳುತ್ತಿದ್ದರು. ಬಹಳ ಮಂದಿ ಹೀಗೆ ಹೇಳುವುದುಂಟು. ಇವರ ವಿಷಯದಲ್ಲಿ ನೌಕರರೂ ಅದೇ ಮಾತನ್ನು ಹೇಳುತ್ತಿದ್ದರೆಂಬುದು ವಿಶೇಷ.

ಹತ್ತು ಮಂದಿಗೂ ವಿದ್ಯೆ ಇತ್ತು, ಅನುಭವವಿತ್ತು; ಕಂಪೆನಿ ಕಟ್ಟುವಷ್ಟು ಹಣವಿರಲಿಲ್ಲ. ಆರಂಭದಲ್ಲಿಯೇ ಬಂಡವಾಳ ಹಾಕಿದವರಲ್ಲಿ ಮುಖ್ಯರು ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದ ವಿ. ಜಿ. ಸಿದ್ಧಾರ್ಥ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಕೆಫೆ ಕಾಫಿ ಡೇ ತೆರೆದು ದೇಶದ ಊರೂರಿಗೆ ಕಾಫಿ ಕುಡಿಸಿದವರೇ ಅವರು. ಮೈಂಡ್‌ಟ್ರೀ ಬೆಳೆದಂತೆಲ್ಲ ಅವರ ಪಾಲೂ ಬೆಳೆಯಿತು. ಮಿಕ್ಕ ಹೂಡಿಕೆದಾರರು ಬಂದರು, ಲಾಭ ಕಂಡೊಡನೆ ಹೋದರು, ಸಿದ್ಧಾರ್ಥ ಹೋಗಲಿಲ್ಲ. ಮೈಂಡ್‌ಟ್ರೀಯ ಮುಖ್ಯ ಕಚೇರಿಯಿದ್ದ ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್ ಬಡಾವಣೆ ಕೂಡ ಅವರ ಸಮೂಹಕ್ಕೇ ಸೇರಿದ್ದಿತು. ಎಂದರೆ ಅವರು ಈ ಮರದ ಅತಿ ದೊಡ್ಡ ಪಾಲುದಾರರು ಮಾತ್ರವಲ್ಲ, ಅದು ಬೇರೂರಿದ್ದ ಹಿತ್ತಲಿನ ಒಡೆಯರೂ ಆಗಿದ್ದರು.

2007ರಲ್ಲಿ ಮೈಂಡ್‌ಟ್ರೀ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. ಒಂದು ಷೇರಿಗೆ 425 ರೂಪಾಯಿ. ಇದ್ದ ಷೇರುಗಳ ನೂರು ಪಾಲಿಗೂ ಮೀರಿ ಅರ್ಜಿಗಳು ಬಂದುವು. ಅಂದಿನ ಸಡಗರದಲ್ಲಿ ಯಾರೂ ಹೆಚ್ಚಾಗಿ ಯೋಚಿಸದ ಸಂಗತಿಯೊಂದಿತ್ತು. ಷೇರುಪೇಟೆಯ ಪಟ್ಟಿಯಲ್ಲಿ ಹೆಸರು ಬಂದ ಕಂಪೆನಿಯ ಷೇರನ್ನು ಯಾರು ಬೇಕಾದರೂ ಕೊಳ್ಳಬಹುದು. ಬಾಗಿಲಲ್ಲಿ ನಿಂತು, ನೀನು ಬಾ, ನೀನು ಬೇಡ, ಎನ್ನುವಂತಿಲ್ಲ. ಬೇರೆಯ ಕಂಪೆನಿಗಳ ಸಂಸ್ಥಾಪಕರು ಇದನ್ನರಿತು ಅರ್ಧಕ್ಕೆ ಮೀರಿದ ಷೇರನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಮೈಂಡ್‌ಟ್ರೀಯ ಹತ್ತು ಮಂದಿಗೆ ಅದು ಸಾಧ್ಯವಾಗಲಿಲ್ಲ. 2011ರಲ್ಲಿ ಸೂಟಾ ಹೊರಟು ಹೋಗಿ ಬೇರೆ ಕಂಪೆನಿ ತೆರೆದರು; ಉಳಿದವರಲ್ಲಿಯೂ ಕೆಲವರು ಒಬ್ಬೊಬ್ಬರಾಗಿ ಬಿಟ್ಟುಹೋದರು. 2019ರ ಹೊತ್ತಿಗೆ ಸಂಸ್ಥಾಪಕರ ಕೈಯಲ್ಲಿ ಉಳಿದಿದ್ದುದು ಶೇ. 13.32. ಸಿದ್ಧಾರ್ಥ ಮತ್ತು ಅವರ ಕಂಪೆನಿಗಳಲ್ಲಿದ್ದುದು ಶೇ. 20.32. ಮಿಕ್ಕದ್ದೆಲ್ಲ ದೇಶವಿದೇಶಗಳ ನಿಧಿಗಳಲ್ಲಿ, ವಿಮಾ ಕಂಪೆನಿಗಳಲ್ಲಿ, ಸಾಮಾನ್ಯ ಜನರ ಕೈಯಲ್ಲಿ ಚದುರಿಹೋಗಿತ್ತು.

ಕಾಫಿಯ ಉದ್ಯಮಕ್ಕೆ ಅಷ್ಟರಲ್ಲಿ ಸಾಲದ ಭಾರ ಹೆಚ್ಚಿತ್ತು. ಸಿದ್ಧಾರ್ಥ ತಮ್ಮ ಪಾಲನ್ನು ಮಾರಲು ನಿಶ್ಚಯಿಸಿದರು. ಇದನ್ನು ಅವಿಭಕ್ತ ಕುಟುಂಬದ ಮನೆಗೆ ಹೋಲಿಸಿದರೆ ಓದುಗರಿಗೆ ಸುಲಭವಾಗಿ ತಿಳಿದೀತು. ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕಷ್ಟ ಬಂದು ತನ್ನ ಹಿಸ್ಸೆಯನ್ನು ಹೊರಗಿನವನಿಗೆ ಮಾರಲು ಹೊರಟರೆ ಉಳಿದವರಿಗೆ ಸಂಕಟ. ಮನೆಯ ವಿಷಯದಲ್ಲಿ ಕಾನೂನು ಅವರ ಸಹಾಯಕ್ಕೆ ಬರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ, ಜೊತೆಯಲ್ಲಿ ಆಸ್ತಿ ಪಡೆದವರಿಗೆ ಆ ಹಿಸ್ಸೆಯನ್ನು ಮೊದಲು ಕೊಳ್ಳುವ ಹಕ್ಕುಂಟು. ಷೇರುಪೇಟೆಗೆ ಬಂದ ಕಂಪೆನಿಯಲ್ಲಿ ಅಂತಹ ಹಕ್ಕಿಲ್ಲ. ಅಲ್ಲಿ ಸೋದರತ್ವ ನಡೆಯದು, ನಡೆಯುವುದು ಬೆಲೆ.

2019ರ ಮಾರ್ಚ್ 18ರಂದು ಮುಂಬಯಿಯ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆ ಸಿದ್ಧಾರ್ಥರ ಪಾಲನ್ನು ಕೊಂಡುಕೊಳ್ಳುವ ಒಪ್ಪಂದವನ್ನು ಪ್ರಕಟಿಸಿತು. ಷೇರೊಂದಕ್ಕೆ 980 ರೂಪಾಯಿ. ಒಟ್ಟು ಸುಮಾರು 3,269 ಕೋಟಿ. ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಬೆಲೆಗೆ ಪೇಟೆಯಲ್ಲಿ ಇನ್ನೂ ಶೇ. 15ರವರೆಗೆ ಕೊಳ್ಳುವಂತೆ ದಲ್ಲಾಳಿಗೆ ಆದೇಶ ಹೋಯಿತು. ಅದರ ಮೇಲೆ ಶೇ. 31ಕ್ಕೆ ಸಾರ್ವಜನಿಕ ಕೊಡುಗೆ. ಮೂರೂ ಸೇರಿದರೆ ಶೇ. 66, ವೆಚ್ಚ ಸುಮಾರು 10,700 ಕೋಟಿ ರೂಪಾಯಿ.

ಸಾರ್ವಜನಿಕ ಕೊಡುಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಷೇರುಪೇಟೆಯ ಕಾವಲಿಗಿರುವ ಸೆಬಿ ಎಂಬ ಸಂಸ್ಥೆಯ 2011ರ ನಿಯಮದಂತೆ, ಒಂದು ಕಂಪೆನಿಯ ಕಾಲುಭಾಗ ಷೇರನ್ನು ಕೊಳ್ಳಲು ಹೊರಟವನು ಅಷ್ಟು ಕೊಂಡು ಸುಮ್ಮನಿರುವಂತಿಲ್ಲ. ಉಳಿದ ಷೇರುದಾರರನ್ನೂ ಕರೆದು ಕನಿಷ್ಠ ಶೇ. 26ರಷ್ಟಕ್ಕೆ, ದೊಡ್ಡ ಪಾಲುದಾರನಿಗೆ ಕೊಟ್ಟುದಕ್ಕಿಂತ ಕಡಿಮೆಯಲ್ಲದ ಬೆಲೆಯನ್ನು ಕೊಡಬೇಕು. ದೊಡ್ಡವನು ಒಳ್ಳೆಯ ಬೆಲೆ ಪಡೆದು ಹೊರಟುಹೋಗಿ, ಹತ್ತು ಷೇರು ಇಟ್ಟುಕೊಂಡ ನಿವೃತ್ತ ಉಪಾಧ್ಯಾಯರು ಹೊಸ ಯಜಮಾನನ ಕೈಯಲ್ಲಿ ಸಿಕ್ಕಿಬೀಳಬಾರದೆಂಬುದು ಇದರ ಉದ್ದೇಶ. ನಿಯಮ ಒಳ್ಳೆಯದೇ. ಆದರೆ ಅದು ಕಾಪಾಡುವುದು ಷೇರುದಾರನನ್ನು. ಕಂಪೆನಿ ಕಟ್ಟಿದವನನ್ನಾಗಲೀ ಅಲ್ಲಿ ದುಡಿಯುವವನನ್ನಾಗಲೀ ಅಲ್ಲ.

980 ರೂಪಾಯಿ ಹೆಚ್ಚೋ ಕಡಿಮೆಯೋ? ಆ ಲೆಕ್ಕದಲ್ಲಿ ಇಡೀ ಕಂಪೆನಿಯ ಬೆಲೆ ಸುಮಾರು 16,000 ಕೋಟಿ. ಆ ವರ್ಷ ಅದರ ವರಮಾನ ಸುಮಾರು 7,000 ಕೋಟಿ, ನಿವ್ವಳ ಲಾಭ ಸುಮಾರು 750 ಕೋಟಿ. ಇಪ್ಪತ್ತೊಂದು ವರ್ಷದ ಬಾಡಿಗೆಯನ್ನು ಒಟ್ಟಿಗೆ ಕೊಟ್ಟು ಮನೆ ಕೊಂಡಂತಾಯಿತು. ಮನೆಯಾದರೆ ಕಲ್ಲು, ಗಾರೆ, ನಿವೇಶನ ಉಳಿಯುತ್ತವೆ. ಇಂತಹ ಕಂಪೆನಿಯಲ್ಲಿ ಆಸ್ತಿಯೆಂದರೆ ಸುಮಾರು ಇಪ್ಪತ್ತು ಸಾವಿರ ಮಂದಿ ಎಂಜಿನಿಯರುಗಳು. ಸಂಜೆಯಾದೊಡನೆ ಆ ಆಸ್ತಿ ಬಸ್ಸು ಹತ್ತಿ ಕೆಂಗೇರಿಗೋ ಬನಶಂಕರಿಗೋ ಹೊರಟುಹೋಗುತ್ತದೆ, ಮನಸ್ಸು ಕೆಟ್ಟರೆ ಮರುದಿನ ಬಾರದೆಯೂ ಇರಬಹುದು. ಸಂಸ್ಥಾಪಕರ ವಾದಕ್ಕೆ ಬಲವಿದ್ದುದು ಇಲ್ಲಿ. ಮಾರ್ಚ್ 19ರಂದು ಅವರು ಪತ್ರಿಕೆಯವರನ್ನು ಕರೆದು ಈ ಕೊಳ್ಳುವಿಕೆಯನ್ನು ಪೂರ್ತಿಯಾಗಿ ವಿರೋಧಿಸುವುದಾಗಿ ಹೇಳಿದರು. ಇದರಿಂದ ಕಂಪೆನಿಯ ನಡೆನುಡಿ ಕೆಡುವುದು, ಗಿರಾಕಿಗಳೂ ಜನರೂ ಕೈಬಿಡುವರು ಎಂಬುದು ಅವರ ಮಾತು. ಬಾಗ್ಚಿ ಆಗ ಒಡಿಶಾ ಸರಕಾರದಲ್ಲಿ ಒಂದು ರೂಪಾಯಿ ಸಂಬಳಕ್ಕೆ ಯುವಕರಿಗೆ ಕಸಬು ಕಲಿಸುವ ಪ್ರಾಧಿಕಾರದ ಅಧ್ಯಕ್ಷರಾಗಿದ್ದರು. ಆ ಹುದ್ದೆಗೆ ರಾಜೀನಾಮೆಯಿತ್ತು, ಮರವನ್ನು ಕಡಿದು ಅದರ ಜಾಗದಲ್ಲಿ ಅಂಗಡಿ ಸಾಲು ಕಟ್ಟಲು ಬಂದವರಿಂದ ಮರವನ್ನು ಉಳಿಸಬೇಕೆಂದು ಬೆಂಗಳೂರಿಗೆ ಧಾವಿಸಿದರು. ಭಾರತದ ಕಂಪ್ಯೂಟರ್ ಉದ್ಯಮದಲ್ಲಿ ಹೀಗೆ ಒಲ್ಲದವರನ್ನು ಕೊಳ್ಳುವ ಯತ್ನ ಅದೇ ಮೊದಲನೆಯದೆಂದು ಪತ್ರಿಕೆಗಳು ಬರೆದುವು.

ಮುಂಬಯಿಯವರು ಸಿಟ್ಟಿಗೇಳಲಿಲ್ಲ. ತಾವು ಪ್ರೀತಿಯಿಂದಲೇ ಬಂದಿರುವುದಾಗಿ ಅವರ ಮುಖ್ಯಾಧಿಕಾರಿ ಎಸ್. ಎನ್. ಸುಬ್ರಹ್ಮಣ್ಯನ್ ಹೇಳಿದರು. ಕನ್ಯೆ ಒಪ್ಪದಿದ್ದರೂ ವರನ ಕಡೆಯವರು ತಾಂಬೂಲದ ತಟ್ಟೆ ಹಿಡಿದು ಜಗಲಿಯಲ್ಲಿ ಕುಳಿತಂತಿತ್ತು ಆ ದೃಶ್ಯ.

ಈ ಪ್ರಸಂಗದಲ್ಲಿ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. 1938ರಲ್ಲಿ ಇಬ್ಬರು ಡೇನಿಷ್ ಎಂಜಿನಿಯರುಗಳು ಮುಂಬಯಿಯಲ್ಲಿ ಆರಂಭಿಸಿದ ಲಾರ್ಸನ್ ಅಂಡ್ ಟೂಬ್ರೊ ಕೂಡ ಒಡೆಯನಿಲ್ಲದ ಮನೆಯೇ. ಸಂಬಳದ ಅಧಿಕಾರಿಗಳು ನಡೆಸುತ್ತ ಬಂದ ಆ ಸಂಸ್ಥೆಯ ಮೇಲೂ ಹೊರಗಿನವರ ಕಣ್ಣು ಬಿದ್ದಿತ್ತು. 1980ರ ದಶಕದ ಕೊನೆಯಲ್ಲಿ ರಿಲಯನ್ಸಿನ ಧೀರೂಭಾಯಿ ಅಂಬಾನಿಯವರು ಅದರ ಷೇರು ಕೊಂಡು 1989ರಲ್ಲಿ ಅಧ್ಯಕ್ಷರೇ ಆದರು; ದೆಹಲಿಯ ರಾಜಕೀಯ ತಿರುಗಿದಾಗ ಮಾರನೆಯ ವರ್ಷ ಆ ಪೀಠ ಬಿಡಬೇಕಾಯಿತು. 2001ರಲ್ಲಿ ರಿಲಯನ್ಸ್ ತನ್ನಲ್ಲಿದ್ದ ಸುಮಾರು ಶೇ. 10ರಷ್ಟು ಷೇರನ್ನು ಬಿರ್ಲಾ ಮನೆತನದ ಗ್ರಾಸಿಮ್ ಕಂಪೆನಿಗೆ ಮಾರಿತು. ಮತ್ತೆ ಗಾಬರಿ, ಮತ್ತೆ ಹೋರಾಟ. ಆಗ ಮುಂದೆ ನಿಂತು ಹೋರಾಡಿದವರು 1965ರಲ್ಲಿ ಕಿರಿಯ ಎಂಜಿನಿಯರಾಗಿ ಅಲ್ಲಿ ಸೇರಿ ಮೇಲೇರಿದ್ದ ಎ. ಎಂ. ನಾಯ್ಕ್. ಬಿರ್ಲಾರಿಗೆ ಬೇಕಾಗಿದ್ದುದು ಸಿಮೆಂಟು. 2003ರ ರಾಜಿಯಲ್ಲಿ ಸಿಮೆಂಟಿನ ಉದ್ಯಮವನ್ನು ಬೇರೆ ಮಾಡಿ ಅವರಿಗೆ ಬಿಟ್ಟುಕೊಟ್ಟದ್ದಾಯಿತು. ಅದೇ ಈಗಿನ ಅಲ್ಟ್ರಾಟೆಕ್. ಗ್ರಾಸಿಮ್ ಬಳಿಯಿದ್ದ ಷೇರುಗಳು ಲಾರ್ಸನ್ನಿನ ನೌಕರರ ಕ್ಷೇಮಕ್ಕಾಗಿ ಕಟ್ಟಿದ ಪ್ರತಿಷ್ಠಾನದ ಕೈ ಸೇರಿದುವು. ಅಂದಿನಿಂದ ಆ ಸಂಸ್ಥೆಯ ಒಳಗೆ ಹೊರಗಿನವನು ಕಾಲಿಡುವುದು ಸುಲಭವಾಗಿಲ್ಲ.

ತಮ್ಮ ಮನೆಯನ್ನು ಹೊರಗಿನವರಿಂದ ಉಳಿಸಿಕೊಂಡ ಆ ನಾಯ್ಕರೇ 2019ರಲ್ಲಿ ಲಾರ್ಸನ್ ಸಮೂಹದ ಅಧ್ಯಕ್ಷರು. ಮೈಸೂರು ರಸ್ತೆಯ ಮನೆಯ ಬಾಗಿಲು ತಟ್ಟಿದ ಕೈ ಅವರ ಸಂಸ್ಥೆಯದೇ. ಇದನ್ನು ಕಪಟವೆನ್ನುವುದು ತಪ್ಪಾದೀತು. ಕೋಟೆಯ ಗೋಡೆ ಎಲ್ಲಿ ತೆಳುವಾಗಿರುತ್ತದೆಂಬುದು ಒಳಗೆ ನಿಂತು ಕಾದವನಿಗೆ ಚೆನ್ನಾಗಿ ಗೊತ್ತು. ಅಲ್ಲದೆ ಲಾರ್ಸನ್ನಿಗೆ ಇಂತಹ ಕಂಪೆನಿಯೊಂದರ ಆಸೆ ಹೊಸದಾಗಿ ಹುಟ್ಟಿದುದಲ್ಲ. 2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪೆನಿಯ ಲೆಕ್ಕಪತ್ರಗಳ ಮೋಸ ಹೊರಬಿದ್ದು, ಸರಕಾರ ನೇಮಿಸಿದ ಮಂಡಲಿ ಅದನ್ನು ಹರಾಜಿಗಿಟ್ಟಾಗ ಲಾರ್ಸನ್ ಷೇರಿಗೆ 45 ರೂಪಾಯಿ 90 ಪೈಸೆ ಕೂಗಿತ್ತು. ಟೆಕ್ ಮಹೀಂದ್ರ 58 ರೂಪಾಯಿ ಕೂಗಿ ಗೆದ್ದುಕೊಂಡಿತು. ಹತ್ತು ವರ್ಷಗಳ ಹಿಂದೆ ಹನ್ನೆರಡು ರೂಪಾಯಿಯ ಅಂತರದಲ್ಲಿ ಸರಕು ಕೈತಪ್ಪಿದವರು ಈ ಸಲ ಮುಚ್ಚಿದ ಲಕೋಟೆಯ ಸ್ಪರ್ಧೆಗೆ ಕಾದು ಕೂರಲಿಲ್ಲ.

ಮೈಂಡ್‌ಟ್ರೀ ಕೂಡ ಇನ್ನೊಬ್ಬರನ್ನು ಕೊಳ್ಳದ ಮುಗ್ಧ ಸಂಸ್ಥೆಯಾಗಿರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. 2008ರಲ್ಲಿ ಬೆಂಗಳೂರಿನದೇ ಆದ ಅಜ್ಟೆಕ್‌ಸಾಫ್ಟ್ ಎಂಬ ಕಂಪೆನಿಯನ್ನು ಅದು ಕೊಂಡು ತನ್ನೊಳಗೆ ಸೇರಿಸಿಕೊಂಡಿತ್ತು; 2015ರಲ್ಲಿ ಇಂಗ್ಲೆಂಡಿನ ಬ್ಲೂಫಿನ್ ಅದರ ಪಾಲಾಯಿತು. ಆ ಹೆಸರುಗಳೂ ಈಗ ಫಲಕಗಳ ಮೇಲಿಲ್ಲ.

ಸಂಸ್ಥಾಪಕರು ಏನು ಮಾಡಬಹುದಾಗಿತ್ತು? ಕಂಪೆನಿಯಲ್ಲಿದ್ದ ಹಣದಿಂದ ಕಂಪೆನಿಯೇ ತನ್ನ ಷೇರುಗಳನ್ನು ಮರಳಿ ಕೊಂಡು, ಪೇಟೆಯಲ್ಲಿ ಬೆಲೆ ಏರಿಸಿ, ಎದುರಾಳಿಯ ಕೈಗೆ ಸಿಗುವುದನ್ನು ತಗ್ಗಿಸುವುದು ಒಂದು ಉಪಾಯ. ಆಡಳಿತ ಮಂಡಲಿ ಅದನ್ನು ಚರ್ಚಿಸಿತು. ಮಾರ್ಚ್ 26ರಂದು ಕೈಬಿಟ್ಟಿತು. ಒಬ್ಬನು ಕೊಡುಗೆ ಸಾರಿದ ಮೇಲೆ ಇಂತಹ ದೊಡ್ಡ ಹೆಜ್ಜೆಯಿಡಲು ಷೇರುದಾರರಲ್ಲಿ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಐದನೆಯ ಒಂದು ಪಾಲು ಆಗಲೇ ಎದುರಾಳಿಯ ಕೈಗೆ ಹೋಗುವುದು ಗೊತ್ತಾಗಿರುವಾಗ ಆ ಮತ ದೊರಕುವುದೆಲ್ಲಿಂದ? ಏಪ್ರಿಲಿನಲ್ಲಿ ಷೇರೊಂದಕ್ಕೆ 20 ರೂಪಾಯಿಯ ವಿಶೇಷ ಲಾಭಾಂಶವನ್ನು ಸಾರಿದರು. ಕಂಪೆನಿಗೆ ಇಪ್ಪತ್ತು ವರ್ಷ ತುಂಬುತ್ತಿರುವುದಕ್ಕೆ ಮತ್ತು ವರಮಾನ 100 ಕೋಟಿ ಡಾಲರು ದಾಟಿದುದಕ್ಕೆ ಅದು ಸಂತೋಷದ ಕಾಣಿಕೆ ಎಂದರು. ಹುಟ್ಟುಹಬ್ಬದ ಪಾಯಸವೋ ಬೀಳ್ಕೊಡುಗೆಯ ಊಟವೋ ಎಂದು ಉಂಡವರಿಗೇ ತಿಳಿಯದಂತಹ ಸಮಯ ಅದು.

ನಿಯಮದಂತೆ ಸ್ವತಂತ್ರ ನಿರ್ದೇಶಕರ ಸಮಿತಿಯೊಂದು ಕುಳಿತು ಕೊಡುಗೆಯ ಬೆಲೆಯನ್ನು ಪರಿಶೀಲಿಸಿತು. ಸಂಸ್ಥಾಪಕರ ಪಕ್ಕದ ಕುರ್ಚಿಗಳಲ್ಲಿಯೇ ವರ್ಷಗಟ್ಟಲೆ ಕುಳಿತವರು ಅವರು. ಆದರೂ ಅವರ ಕರ್ತವ್ಯವಿದ್ದುದು ಷೇರುದಾರರಿಗೆ. 980 ರೂಪಾಯಿ ನ್ಯಾಯವಾದ ಬೆಲೆಯೆಂದು ಜೂನಿನಲ್ಲಿ ಅವರು ಅಭಿಪ್ರಾಯ ಕೊಟ್ಟರು. ಜೂನ್ 17ರಂದು ಕೊಡುಗೆ ತೆರೆಯಿತು. ಬಹುಕಾಲದಿಂದ ಶೇ. 10ಕ್ಕೂ ಹೆಚ್ಚು ಪಾಲನ್ನು ಇಟ್ಟುಕೊಂಡಿದ್ದ ನಲಂದಾ ಎಂಬ ಸಿಂಗಪುರದ ಹೂಡಿಕೆ ಸಂಸ್ಥೆಯೂ ತನ್ನ ಷೇರನ್ನು ಮುಂದಿಟ್ಟಿತು. ತಿಂಗಳು ಮುಗಿಯುವುದರೊಳಗೆ ಕೇಳಿದಷ್ಟೂ ಷೇರುಗಳು ಬಂದು ತುಂಬಿ, ಲಾರ್ಸನ್ನಿನ ಪಾಲು ಶೇ. 60 ದಾಟಿತು. ಜುಲೈ 5ರಂದು ಕೃಷ್ಣಕುಮಾರ್ ನಟರಾಜನ್, ಪಾರ್ಥಸಾರಥಿ, ರೋಸ್ಟೊ ರಾವಣನ್ ಮೂವರೂ ರಾಜೀನಾಮೆ ಕೊಟ್ಟರು.

ಹಿಸ್ಸೆ ಮಾರಿದವರ ಕಥೆ ಇನ್ನೂ ದುಃಖಕರ. ಮೈಂಡ್‌ಟ್ರೀಯ ಷೇರುಗಳಿಗೆ ಬಂದ ಮೂರು ಸಾವಿರ ಕೋಟಿಯಿಂದಲೂ ಕಾಫಿ ಸಮೂಹದ ಸಾಲ ಪೂರ್ತಿಯಾಗಿ ತೀರಲಿಲ್ಲ. ಅದೇ ಜುಲೈ 29ರ ಸಂಜೆ ಸಿದ್ಧಾರ್ಥ ಮಂಗಳೂರಿನ ಸಮೀಪ ನೇತ್ರಾವತಿಯ ಸೇತುವೆಯ ಬಳಿ ಕಾರಿನಿಂದಿಳಿದು ಕಾಣೆಯಾದರು. 31ರ ಬೆಳಿಗ್ಗೆ ಅವರ ದೇಹ ನದಿಯಲ್ಲಿ ದೊರಕಿತು. ಮಾರ್ಚಿನಲ್ಲಿ ಅವರನ್ನು ಲೆಕ್ಕದ ಕಣ್ಣಿನಿಂದ ಮಾತ್ರ ನೋಡಿದ್ದ ಜನ ಆಗಸ್ಟಿನಲ್ಲಿ ಸುಮ್ಮನಾದರು. ಇಪ್ಪತ್ತು ವರ್ಷ ಮರದ ಬುಡದಲ್ಲಿ ನಿಂತವನು ಅದನ್ನು ಮಾರಿದುದು ಲೋಭದಿಂದಲ್ಲ ಎಂಬುದು ತಿಳಿಯಲು ಅಷ್ಟು ದೊಡ್ಡ ಬೆಲೆ ಬೇಕಾಗಿರಲಿಲ್ಲ.

ಮರ ಒಣಗಿತೆ? ಸಂಸ್ಥಾಪಕರು ಹೆದರಿದಂತೆ ಆಗಲಿಲ್ಲ. 2019ರ ಆಗಸ್ಟಿನಲ್ಲಿ ದೇಬಾಶಿಸ್ ಚಟರ್ಜಿ ಎಂಬವರು ಹೊಸ ಮುಖ್ಯಾಧಿಕಾರಿಯಾಗಿ ಬಂದರು. ಮೊದಲ ಕೆಲವು ತಿಂಗಳು ಷೇರಿನ ಬೆಲೆ 980ರಿಂದ ಬಹಳ ಕೆಳಗಿಳಿದು, ಕೊಂಡವರೇ ಮೋಸಹೋದರೇನೋ ಎಂದು ಪೇಟೆಯವರು ನಕ್ಕದ್ದುಂಟು. ಆಮೇಲೆ ಕೊರೋನಾ ಬಂದು ಜಗತ್ತೆಲ್ಲ ಮನೆಯಲ್ಲಿ ಕುಳಿತು ಕಂಪ್ಯೂಟರನ್ನೇ ಆಶ್ರಯಿಸಿದಾಗ ಈ ಉದ್ಯಮಕ್ಕೆ ಸುಗ್ಗಿಯಾಯಿತು. 2021 ಮುಗಿಯುವ ಹೊತ್ತಿಗೆ ಮೈಂಡ್‌ಟ್ರೀಯ ಒಂದು ಷೇರು 4,000 ರೂಪಾಯಿ ದಾಟಿತ್ತು. ನ್ಯಾಯವಾದ ಬೆಲೆಯೆಂದು 980ಕ್ಕೆ ಕೊಟ್ಟವರು ಕೈ ಹಿಸುಕಿಕೊಂಡಿರಬೇಕು. ಅಂದಿನ ಬೆಲೆ ಅಂದಿಗೆ ನ್ಯಾಯವೇ ಆಗಿದ್ದಿತೆಂಬುದೂ ನಿಜ. ನಾಳೆಯ ಮಳೆಗೆ ಇಂದೇ ಬೆಲೆ ಕಟ್ಟುವವರಾರು?

ಹೆಸರು ಮಾತ್ರ ಪೂರ್ತಿಯಾಗಿ ಉಳಿಯಲಿಲ್ಲ. 2022ರ ನವೆಂಬರಿನಲ್ಲಿ ಲಾರ್ಸನ್ನಿನದೇ ಆದ ಇನ್ನೊಂದು ಕಂಪ್ಯೂಟರ್ ಕಂಪೆನಿಯೊಡನೆ ಮೈಂಡ್‌ಟ್ರೀಯನ್ನು ಕೂಡಿಸಿ ಎಲ್‌ಟಿಐಮೈಂಡ್‌ಟ್ರೀ ಎಂದು ನಾಮಕರಣ ಮಾಡಿದರು. ನೂರು ಷೇರು ಇಟ್ಟುಕೊಂಡವರಿಗೆ ಹೊಸದರ 73 ಷೇರು ಬಂದುವು. ಮುಖ್ಯ ಕಚೇರಿ ಮುಂಬಯಿಗೆ ಹೋಯಿತು.

ಅತ್ತ ಹೊರಬಂದ ಕೃಷ್ಣಕುಮಾರ್ ಮತ್ತು ಪಾರ್ಥಸಾರಥಿ ಮೇಳಾ ವೆಂಚರ್ಸ್ ಎಂಬ ಸಂಸ್ಥೆ ತೆರೆದು, ಆಗತಾನೆ ಹುಟ್ಟಿದ ಕಂಪೆನಿಗಳಿಗೆ ಹಣ ಹಾಕುವ ಕೆಲಸಕ್ಕೆ ತೊಡಗಿದರು. ಎಂದರೆ 1999ರಲ್ಲಿ ಸಿದ್ಧಾರ್ಥ ತಮಗೆ ಮಾಡಿದ್ದ ಕೆಲಸವನ್ನೇ ಇನ್ನೊಬ್ಬರಿಗೆ ಮಾಡತೊಡಗಿದರು. 2011ರಲ್ಲೇ ಹೊರಟುಹೋಗಿದ್ದ ಅಶೋಕ್ ಸೂಟಾ ಅಷ್ಟರಲ್ಲಿ ಹ್ಯಾಪಿಯೆಸ್ಟ್ ಮೈಂಡ್ಸ್ ಎಂಬ ಇನ್ನೊಂದು ಕಂಪೆನಿಯನ್ನು ಬೆಂಗಳೂರಿನಲ್ಲಿಯೇ ಬೆಳೆಸಿದ್ದರು. 2020ರ ಸೆಪ್ಟೆಂಬರಿನಲ್ಲಿ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ಅದನ್ನೂ ಷೇರುಪೇಟೆಗೆ ತಂದರು. ಷೇರಿನ ಬೆಲೆ 166 ರೂಪಾಯಿ. ಈ ಸಲವೂ ನೂರು ಪಾಲಿಗೂ ಮೀರಿ ಅರ್ಜಿಗಳು ಬಂದುವು. ಮಾರಾಟವೆಲ್ಲ ಮುಗಿದ ಮೇಲೆ ಲೆಕ್ಕ ನೋಡಿದರೆ ಅರ್ಧಕ್ಕೂ ಹೆಚ್ಚು ಷೇರು ಸಂಸ್ಥಾಪಕರ ಕಡೆಯಲ್ಲಿಯೇ ಉಳಿದಿತ್ತು.